ಕೊಡಕ್ಕೊಂದು ಬುಟ್ಟಿ

ನಾಲ್ಕೂರಿಗೂ ಒಂದೇ ಕೆರೆ. ಅದರಲ್ಲಿ ನೀರಿಗಿಂತ ಹೂಳೇ ಹೆಚ್ಚಾಗಿತ್ತು. ಮಳೆಗೆ ಮುಂಚೆ ಎತ್ತದಿದ್ದರೆ ಬರುವ ಬೇಸಿಗೆಯಲ್ಲಿ ಊರುಗಳ ಜೊತೆ ಕೆರೆ ಪಕ್ಕದ ಆಶ್ರಮವೂ ಒಣಗಬೇಕು.

"ಕೆರೆ ನಮ್ಮದು ಅಂತ ಎಲ್ಲರೂ ಅಂತಾರೆ. ಹೂಳು ಮಾತ್ರ ಯಾರದ್ದೂ ಅಲ್ಲ. ಏನಾದರೂ ಮಾಡು, ಕಂಠಯ್ಯ," ಎಂದರು ಗುರುಗಳು.

ಶಿಷ್ಯ ಕಂಠಯ್ಯ ತಲೆ ಕೆರೆದುಕೊಂಡು ಒಂದು ಕಟ್ಟಳೆ ಮಾಡಿದ. ಒಂದು ಕೊಡ ನೀರಿಗೆ ಒಂದು ಬುಟ್ಟಿ ಹೂಳು. ಹೊತ್ತು ಏರಿಯಾಚೆ ಸುರಿದ ಮೇಲೇ ನೀರು.

ಬೆಳಿಗ್ಗೆಯೇ ಬುಟ್ಟಿಗಳನ್ನು ಪೇರಿಸಿಟ್ಟು ಮೆಟ್ಟಿಲ ಮೇಲೆ ಕೂತ.

ಮೊದಲು ಬಂದವನು ಬೋರಲಿಂಗ, ಎಮ್ಮೆ ಹೊಡೆದುಕೊಂಡು.

"ಎಮ್ಮೆಗೆ ನಾಲ್ಕು ಬುಟ್ಟಿ," ಎಂದ ಕಂಠಯ್ಯ.

"ಅದು ದಿನಾ ಕೊಡ್ತಾನೇ ಐತಲ್ಲ ಬುದ್ಧಿ! ಹೊರಳಾಡಿ ಎದ್ದು ಬರುವಾಗ ನೋಡಿ, ಮೈಗೆಲ್ಲ ಎಷ್ಟು ಕೆಸರು ಮೆತ್ಕೊಂಡಿರ್ತದೆ. ಸರಿಯಾಗಿ ನೋಡಿದ್ರೆ ನೀವೇ ಅದಕ್ಕೆ ಬಾಕಿ."

ಅಷ್ಟರಲ್ಲಿ ಕೆರೆಗಿಳಿದು ಹೊರಳಾಡಿದ್ದ ಎಮ್ಮೆ ಎದ್ದು ಬಂದು ಬಾಲ ಬೀಸಿತು. ಅದರ ಕಂದಾಯ ಕಂಠಯ್ಯನ ಮುಖದ ಮೇಲೆ ಬಿತ್ತು.

ಅವನು ಒರೆಸಿಕೊಳ್ಳುವಷ್ಟರಲ್ಲಿ ಬಟ್ಟೆ ಒಗೆಯುವ ಪುಟ್ಟಗೌರಮ್ಮ ಗಂಟು ಇಳಿಸಿದಳು.

"ಆಶ್ರಮಕ್ಕೆ ದಿನಾ ಇಪ್ಪತ್ತು ಕೊಡ ಹೋಗ್ತದಲ್ಲ ಬುದ್ಧಿ, ಅದರ ಬುಟ್ಟಿ ಯಾರು ಹೊರೋದು?"

"ನಾವು ಸನ್ಯಾಸಿಗಳು ತಾಯಿ. ನಮ್ಮದು ಅಂತ ಏನೂ ಇಲ್ಲ."

"ಏನೂ ಇಲ್ಲದೇನೇ ಇಪ್ಪತ್ತು ಕೊಡ! ಏನಾದ್ರೂ ಇದ್ದಿದ್ರೆ ಕೆರೇನೇ ಹೊತ್ಕೊಂಡು ಹೋಗ್ತಿದ್ರಿ."

ದಡವೆಲ್ಲ ನಕ್ಕಿತು. ಬಿಸಿಲು ನೆತ್ತಿಗೇರಿತು. ಬುಟ್ಟಿಗಳು ಪೇರಿಸಿಟ್ಟ ಹಾಗೇ ಇದ್ದವು.

ಕಂಠಯ್ಯ ಗುರುಗಳ ಹತ್ತಿರ ಓಡಿದ. "ಒಬ್ಬರೂ ಹೊರಲಿಲ್ಲ ಗುರುಗಳೇ! ನೀವೇ ಬಂದು ಜನಕ್ಕೆ ನಾಲ್ಕು ಮಾತು ಹೇಳಬೇಕು."

"ಅವರೇನಂದರು?"

ಕಂಠಯ್ಯ ಪುಟ್ಟಗೌರಮ್ಮನ ಮಾತನ್ನು ಹಾಗೇ ಒಪ್ಪಿಸಿದ. ಆಶ್ರಮವನ್ನೇ ಅಂದಳಲ್ಲ, ಗುರುಗಳು ಸಿಟ್ಟಾಗುತ್ತಾರೆ ಎಂದುಕೊಂಡಿದ್ದ.

ಗುರುಗಳು ಎದ್ದರು. ಪಂಚೆ ಎತ್ತಿ ಕಟ್ಟಿಕೊಂಡು ಕೆರೆಗೆ ನಡೆದರು. ಮಂಡಿಯವರೆಗೆ ಇಳಿದು, ಎರಡೂ ಕೈಯಿಂದ ಹೂಳು ಬಾಚಿ ಬುಟ್ಟಿ ತುಂಬಿದರು. ಎಪ್ಪತ್ತೈದರ ಸೊಂಟ ಲಟಕ್ಕೆಂದಿತು.

ದಡದ ನಗು ನಿಂತಿತು. ಪುಟ್ಟಗೌರಮ್ಮ ಸೆರಗು ಸಿಕ್ಕಿಸಿಕೊಂಡು ಒಂದು ಬುಟ್ಟಿ ಎಳೆದುಕೊಂಡಳು. ಬೋರಲಿಂಗ ಎಮ್ಮೆಯನ್ನು ಮರಕ್ಕೆ ಕಟ್ಟಿ ದೊಡ್ಡ ಬುಟ್ಟಿಯನ್ನೇ ಹುಡುಕಿದ.

ಕಂಠಯ್ಯನಿಗೆ ಮಾತ್ರ ಜೀವ ತಡೆಯಲಿಲ್ಲ. ದಡಬಡನೆ ಮೆಟ್ಟಿಲಿಳಿದು ಬುಟ್ಟಿಗೆ ಕೈಹಾಕಿದ.

"ಬಿಡಿ ಗುರುಗಳೇ! ನಿಮ್ಮ ಪಾಲಿನದನ್ನೂ ನಾನೇ ಹೊರ್ತೀನಿ."

"ಆಗಲಿ," ಎಂದರು ಗುರುಗಳು. "ನನಗೀಗ ಬಾಯಾರಿಕೆ. ಅದಕ್ಕೂ ನೀನೇ ಹೋಗಿ ನೀರು ಕುಡಿದು ಬಾ."