ಕಪಾಟಿನಲ್ಲಿ ಉದುರಿದ ಅಕ್ಷರಗಳು

ಬಯಲುಸೀಮೆಯ ಒಂದು ಹೈಸ್ಕೂಲು. ಅಲ್ಲಿ ಪುಸ್ತಕಗಳ ಉಸ್ತುವಾರಿ ಡ್ರಿಲ್ ಮಾಸ್ತರರದು. ಹೆಸರು ಕೊಟ್ರಪ್ಪ. ಉಳಿದವರಿಗೆ ಪಾಠ ಹೆಚ್ಚು, ಇವರಿಗೆ ಕಡಿಮೆ ಎಂದು ಆ ಕೆಲಸ ಇವರ ಕೊರಳಿಗೆ ಬಿದ್ದಿತ್ತು.

ಕೊಟ್ರಪ್ಪ ಕೆಟ್ಟವರಲ್ಲ. ಒಪ್ಪಿಸಿದ್ದನ್ನು ಕಾಯುವ ಮನುಷ್ಯ. ಆರುನೂರು ಪುಸ್ತಕಕ್ಕೂ ಖಾಕಿ ಹೊದಿಕೆ ಹಾಕಿದ್ದರು. ನುಸಿಗುಳಿಗೆ ಇಟ್ಟಿದ್ದರು. ನಾಲ್ಕು ಕಪಾಟು, ನಾಲ್ಕು ಬೀಗ. ಹತ್ತೊಂಬತ್ತು ವರ್ಷದಲ್ಲಿ ಒಂದು ಪುಸ್ತಕ ಕಳೆದಿಲ್ಲ, ಒಂದು ಹಾಳೆ ಹರಿದಿಲ್ಲ. ಮುಂದಿನ ತಿಂಗಳು ಅವರ ನಿವೃತ್ತಿ. ಎಲ್ಲವನ್ನೂ ಬಂದ ಹಾಗೇ, ಹೊಸದಾಗಿಯೇ ಒಪ್ಪಿಸಿ ಹೋಗಬೇಕು. ಅದೊಂದೇ ಆಸೆ.

ಮಕ್ಕಳು ಕೇಳದೆ ಇರಲಿಲ್ಲ.

“ಸರ್, ಕಥಿ ಪುಸ್ತಕ ಕೊಡ್ರಿ.”

“ಪರೀಕ್ಷೆ ಮುಗೀಲಿ.”

ಪರೀಕ್ಷೆ ಮುಗಿದ ದಿನವೇ ರಜೆ ಶುರು. ರಜೆಯಲ್ಲಿ ಕಪಾಟಿಗೂ ರಜೆ. ಶಾಲೆ ತೆರೆದರೆ ಮುಂದಿನ ಪರೀಕ್ಷೆ ಎದುರಿಗೆ ನಿಂತಿರುತ್ತಿತ್ತು.

ಒಂದು ಗುರುವಾರ ಮಧ್ಯಾಹ್ನ ಕೊಟ್ರಪ್ಪ ನುಸಿಗುಳಿಗೆ ಬದಲಿಸಲು ಮೊದಲ ಕಪಾಟು ತೆರೆದರು. ಒಳಗೆ ಸಣ್ಣ ಸದ್ದು. ಜರಡಿಯಿಂದ ರವೆ ಬೀಳುವಂಥ ಸದ್ದು. ಕೆಳಗಿನ ಅರೆಯಲ್ಲಿ ಕಪ್ಪು ಪುಡಿ ಬಿದ್ದಿತ್ತು. ಗೆದ್ದಲು ಎಂದುಕೊಂಡರು. ಬೆರಳು ಒತ್ತಿ ಕನ್ನಡಕದ ಹತ್ತಿರ ತಂದರು.

ಪುಡಿಯಲ್ಲ. ಅಕ್ಷರ. ಒಂದು ‘ಮ’. ಮುರಿದ ಒಂದು ‘ಳ’. ಇರುವೆಯ ಕಾಲಿನಷ್ಟು ಸಣ್ಣ ಒಂದು ಕೊಂಬು.

ಕೈಗೆ ಸಿಕ್ಕ ಪುಸ್ತಕ ತೆಗೆದರು. ಕೊನೆಯ ಹಾಳೆ ಬಿಳಿ. ಅದರ ಹಿಂದಿನದೂ ಬಿಳಿ. ಪುಟದ ಸಂಖ್ಯೆ ಮಾತ್ರ ಉಳಿದಿತ್ತು. ಅದಕ್ಕೂ ಹಿಂದಿನ ಪುಟದಲ್ಲಿ ಅಕ್ಷರ ಇನ್ನೂ ಇದ್ದವು. ಅವರು ನೋಡುತ್ತಿದ್ದಂತೆ ಕೆಳಗಿನ ಸಾಲು ಕಾಗದವನ್ನು ಬಿಟ್ಟಿತು. ಒಂದೊಂದಾಗಿ ಜಾರಿ ಅವರ ಅಂಗೈಗೆ ಬಿತ್ತು. ತಣ್ಣಗಿತ್ತು.

ಕೊಟ್ರಪ್ಪ ಯಾರಿಗೂ ಹೇಳಲಿಲ್ಲ. ಇನ್ನಷ್ಟು ನುಸಿಗುಳಿಗೆ ಇಟ್ಟರು. ಪ್ರತಿ ಕಪಾಟಿಗೂ ಎರಡನೇ ಬೀಗ ಹಾಕಿದರು.

ಸೋಮವಾರದ ಹೊತ್ತಿಗೆ ಅರ್ಧಕ್ಕರ್ಧ ಹಾಳೆ ಬಿಳಿಯಾಗಿದ್ದವು. ಎಲ್ಲ ಕಥೆಗಳೂ ಕೊನೆಯಿಂದಲೇ ಸಾಯುತ್ತಿದ್ದವು. ಸದ್ದು ಈಗ ವರಾಂಡಕ್ಕೂ ಕೇಳುತ್ತಿತ್ತು. ಮಕ್ಕಳು ಆ ಪುಸ್ತಕದ ಕೋಣೆ ದಾಟುವಾಗ ಮಾತು ನಿಲ್ಲಿಸಿ ಬೇಗ ನಡೆಯುತ್ತಿದ್ದರು.

ಅವತ್ತೇ ನೀಲಾಂಬಿಕಾ ಬಂದಳು. ಒಂಬತ್ತನೇ ಕ್ಲಾಸಿನ ಹುಡುಗಿ. ಎದೆಗೆ ಏನನ್ನೋ ಅವಚಿಕೊಂಡಿದ್ದಳು.

“ಬೈಬ್ಯಾಡ್ರಿ ಸರ್. ಕ್ವಾಣಿ ಕಸ ಹೊಡಿಯೋ ದಿನ ಒಂದು ಪುಸ್ತಕ ಕದ್ದಿದ್ದೆ. ಈಗ ಹೆದ್ರಿಕಿ ಆಗೈತಿ. ತಗೊಳ್ರಿ.”

“ಕದ್ದಿದ್ದಿ? ಎಲ್ಲಾ ಸರಿ ಅದಾವಲ್ಲ ಲೆಕ್ಕಕ್ಕ!”

“ಖಾಕಿ ಅಂಗಿ ಅಲ್ಲೇ ಬಿಟ್ಟೀನ್ರಿ. ಅದರೊಳಗ ಹಳೇ ವಿಜ್ಞಾನದ ಗೈಡ್ ಇಟ್ಟೀನಿ. ನೀವು ಅಂಗಿ ನೋಡ್ತೀರಿ, ಒಳಗ ನೋಡಂಗಿಲ್ಲ.”

ಕೊಟ್ರಪ್ಪ ಪುಸ್ತಕ ಇಸಕೊಂಡರು. ಬೆನ್ನು ಬಿಚ್ಚಿಹೋಗಿತ್ತು. ಸಾರಿನ ಕಲೆ. ಮೂಲೆಗಳು ಮಡಚಿ ಮಡಚಿ ಸವೆದಿದ್ದವು. ಏಳು ಹುಡುಗಿಯರು ಸರದಿಯ ಮೇಲೆ ಓದಿದ್ದರಂತೆ. ಕೊನೆಯ ಪುಟ ತೆರೆದರು. ಒಂದು ಅಕ್ಷರವೂ ಉದುರಿರಲಿಲ್ಲ.

ಅವರಿಗೆ ತಿಳಿಯಿತು. ಅರ್ಧ ಮಾತ್ರ ತಿಳಿಯಿತು.

ಮರುದಿನ ಒಂಬತ್ತನೇ ಕ್ಲಾಸನ್ನು ಬಯಲಿಗೆ ಕರೆದರು. ಸಾಲಾಗಿ ಕೂರಿಸಿದರು. ಒಬ್ಬೊಬ್ಬರ ಕೈಗೆ ಒಂದೊಂದು ಪುಸ್ತಕ ಕೊಟ್ಟರು.

“ಮೊದಲ ಸೀಟಿಗೆ ಓದು. ಎರಡನೇ ಸೀಟಿಗೆ ಹಾಳಿ ತಿರುವು. ಬೆನ್ನು ನೆಟ್ಟಗ!”

ಸೀಟಿ ಊದಿದರು. ನಲವತ್ತು ತಲೆ ಬಗ್ಗಿದವು. ಮತ್ತೆ ಊದಿದರು. ನಲವತ್ತು ಹಾಳೆ ತಿರುಗಿದವು.

ಹಿಂದಿನ ಸಾಲಿನಿಂದ ಹುಲಗಪ್ಪ ಎಂಬ ಹುಡುಗ ಕೂಗಿದ. “ಸರ್, ನನ್ನ ಪುಸ್ತಕಕ್ಕ ತಲಿಹೊಟ್ಟು ಆಗೈತ್ರಿ!”

ಎಲ್ಲರೂ ನಕ್ಕರು. ತಮಾಷೆಗೆ ಅವನು ಪುಸ್ತಕ ಕೊಡವಿದ. ಇಡೀ ಪುಟ ಅವನ ಮಡಿಲಿಗೆ ಸುರಿಯಿತು. ನಗು ನಿಂತಿತು. ಗಾಳಿ ಇರಲಿಲ್ಲ. ಆದರೂ ಎಲ್ಲರ ಪುಸ್ತಕದಿಂದಲೂ ಅಕ್ಷರ ಉದುರುತ್ತಿದ್ದವು. ಬಿಳಿ ಅಂಗಿಯ ಮೇಲೆ ಜಾರಿ, ಮಣ್ಣಿಗೆ ಬಿದ್ದು, ಇಂಗಿಹೋಗುತ್ತಿದ್ದವು.

“ಓದಿ ಸಾರಾಂಶ ಬರೆದವರಿಗೆ ಐದು ಅಂಕ!” ಎಂದರು ಕೊಟ್ರಪ್ಪ.

ಮಕ್ಕಳು ಪೆನ್ನು ತೆಗೆದರು. ಅಕ್ಷರಗಳು ಇನ್ನೂ ಜೋರಾಗಿ ಉದುರಿದವು.

ಕೊಟ್ರಪ್ಪ ಸೀಟಿ ಕೆಳಗಿಟ್ಟರು. ನೀಲಾಂಬಿಕಾಳ ಹತ್ತಿರ ಹೋಗಿ ನಿಂತರು.

“ನೀವು ಹೆಂಗ ಓದಿದ್ರಿ?”

“ಹೆಂಗಂದ್ರ? ಪುಸ್ತಕ ಉಳಿಸಾಕ ಓದಿಲ್ರಿ ನಾವು. ಅಂಕಕ್ಕೂ ಅಲ್ಲ. ಮುಂದ ಏನಾತು ಅಂತ ತಡಿಯಾಕ ಆಗ್ಲಿಲ್ಲ. ಓದಿದ್ವಿ.”

“ಈಗ ಏನು ಮಾಡ್ಬೇಕು?”

ಹತ್ತೊಂಬತ್ತು ವರ್ಷದಲ್ಲಿ ಅವರು ಒಬ್ಬ ವಿದ್ಯಾರ್ಥಿಯನ್ನು ಹೀಗೆ ಕೇಳಿದ್ದು ಇದೇ ಮೊದಲು.

“ಕೀಲಿಕೈ ಕೊಡ್ರಿ. ಯಾರಿಗೆ ಯಾವುದು ಬೇಕೋ ಆರಿಸಿಕೊಳ್ಳಲಿ. ನೀವು ಹೊರಗ ಇರ್ರಿ.”

“ಹರದ್ರ?”

“ಹರೀತಾವ್ರಿ.”

“ಕಳದ್ರ?”

“ಒಂದೆರಡು ಕಳೀತಾವ್ರಿ.”

ಕೋಣೆಯಿಂದ ಸದ್ದು ಬರುತ್ತಲೇ ಇತ್ತು. ಕೊಟ್ರಪ್ಪ ಎಂಟು ಕೀಲಿಕೈಗಳನ್ನೂ ಅವಳ ಕೈಗೆ ಹಾಕಿದರು.

ವರಾಂಡದಲ್ಲಿ, ಕೋಣೆಗೆ ಬೆನ್ನು ಮಾಡಿ ಕೂತರು. ಒಳಗೆ ಗದ್ದಲ. “ಇದು ಬ್ಯಾಡಲೇ, ಬೋರು.” ಒಂದು ಪುಸ್ತಕ ಧೊಪ್ಪನೆ ಬಿತ್ತು. “ನಂಗ ಕೊಡು, ನಾ ಮೊದ್ಲು ನೋಡಿದ್ದು.” ಖಾಕಿ ಕಾಗದ ಹರಿಯುವ ಸದ್ದು. ಕೊಟ್ರಪ್ಪ ಹಲ್ಲು ಕಚ್ಚಿ ಕೂತರು.

ಆಮೇಲೆ ಗದ್ದಲ ಕಡಿಮೆಯಾಯಿತು. ಆಮೇಲೆ ಏನೂ ಕೇಳಲಿಲ್ಲ. ಮಾತೂ ಇಲ್ಲ, ರವೆ ಬೀಳುವ ಸದ್ದೂ ಇಲ್ಲ. ಊಟದ ಗಂಟೆ ಹೊಡೆಯಿತು. ಯಾರೂ ಹೊರಗೆ ಬರಲಿಲ್ಲ.

ಅವರು ಎದ್ದು ಕಿಟಕಿಯಲ್ಲಿ ಇಣುಕಿದರು. ಮಕ್ಕಳು ನೆಲದ ಮೇಲೆ ಬಿದ್ದುಕೊಂಡಿದ್ದರು. ಒಬ್ಬಳು ಮೇಜಿನ ಕೆಳಗೆ. ಇಬ್ಬರು ಒಂದೇ ಪುಸ್ತಕಕ್ಕೆ ತಲೆ ಕೊಟ್ಟಿದ್ದರು. ಹುಲಗಪ್ಪ ಯಾವುದೋ ಪುಟ ನೋಡಿ ಕಿಸಕ್ಕನೆ ನಕ್ಕ. ಆ ಪುಟದಲ್ಲಿ ಒಂದು ಅಕ್ಷರವೂ ಅಲುಗಲಿಲ್ಲ.

ಸಂಜೆ ಮಕ್ಕಳು ಪುಸ್ತಕಗಳನ್ನು ಮನೆಗೆ ಒಯ್ದರು. ಓದಿದಷ್ಟು ಉಳಿಯಿತು. ಉದುರಿದ್ದು ಮಾತ್ರ ತಿರುಗಿ ಬರಲಿಲ್ಲ. ಯಾರ ಕಣ್ಣೂ ಬೀಳದವು ಕಪಾಟಿನಲ್ಲೇ ಬೆಳ್ಳಗೆ ನಿಂತವು.

ಹೋಗುವಾಗ ಹುಲಗಪ್ಪ ಕೇಳಿದ. “ಸರ್, ಇದ್ರಾಗ ನಿಮಗ ಚಲೋ ಅನಿಸಿದ್ದು ಯಾವುದ್ರಿ?”

ಕೊಟ್ರಪ್ಪ ಕಪಾಟಿನ ಕಡೆ ತಿರುಗಿದರು. ಅವರು ಒಂದನ್ನೂ ಓದಿರಲಿಲ್ಲ.

ಎಲ್ಲರೂ ಹೋದ ಮೇಲೆ ಕಪಾಟುಗಳಲ್ಲಿ ಹುಡುಕಿದರು. ಬಿಳಿ, ಬಿಳಿ, ಬಿಳಿ. ಮೂಲೆಯಲ್ಲಿ ಒಂದು ಪುಸ್ತಕ ಸಿಕ್ಕಿತು. ಮೊದಲ ಇಪ್ಪತ್ತು ಪುಟ ಉಳಿದಿತ್ತು. ಕಿಟಕಿಯ ಬೆಳಕಿಗೆ ಹಿಡಿದು ಕೂತರು.

ಒಬ್ಬ ಕುಂಬಾರನ ಕಥೆ. ಮಣ್ಣು ತರಲು ಕೆರೆಗೆ ಹೋದವನು ಏಳು ವರ್ಷ ಬರಲಿಲ್ಲ. ಒಂದು ದಿನ ನಡುಹಗಲಲ್ಲಿ ಹೆಂಡತಿಗೆ ಬಾಗಿಲ ಹೊರಗೆ ಕೆಮ್ಮು ಕೇಳಿತು. ಗಂಡನದೇ ಕೆಮ್ಮು. ಅವಳು ಓಡಿದಳು. ಅವನು ಸಾಕಿದ ನಾಯಿ ಮಾತ್ರ ಬಾಲ ಮುದುರಿ ಹಿಂದೆ ಹಿಂದೆ ಸರಿಯಿತು. ಅವಳು ಚಿಲಕ ತೆಗೆದಳು. ಹೊಸ್ತಿಲಾಚೆ ನಿಂತಿದ್ದವನ ಮುಖ

ಅಷ್ಟೇ. ಮುಂದೆ ಬಿಳಿ.

ಕೊಟ್ರಪ್ಪ ಹಾಳೆ ತಿರುವಿದರು. ಬಿಳಿ. ಇನ್ನೊಂದು ತಿರುವಿದರು. ಕೊನೆಯವರೆಗೂ ತಿರುವಿದರು. ನೆಲದ ಮೇಲೆ ಬಿದ್ದ ಕಪ್ಪು ಪುಡಿಯನ್ನು ಎರಡೂ ಕೈಯಲ್ಲಿ ಬಾಚಿ ನೋಡಿದರು. ಆ ಮುಖ ಅದರಲ್ಲೇ ಎಲ್ಲೋ ಇತ್ತು.

ಬೆಳಿಗ್ಗೆ ನೀಲಾಂಬಿಕಾ ಬರುವ ಮೊದಲೇ ಗೇಟಿನಲ್ಲಿ ಕಾದು ನಿಂತಿದ್ದರು. ಪುಸ್ತಕ ಚಾಚಿದರು. ಕಣ್ಣು ಕೆಂಪಾಗಿದ್ದವು.

“ಇದನ್ನ ಓದೀಯೇನವ್ವ? ಮುಂದ ಏನಾತು?”

ಅವಳು ಪುಸ್ತಕವನ್ನು ತಿರುಗಿಸಿ ನೋಡಿದಳು. ಹೊಚ್ಚ ಹೊಸದಾಗಿತ್ತು.

“ಗೊತ್ತಿಲ್ರಿ ಸರ್,” ಎಂದಳು. “ಇದನ್ನ ಯಾರೂ ಓದಿಲ್ಲ.”

ನೀತಿ: ಬೀಗ ಹಾಕಿ ಕಾದ ಪುಸ್ತಕ ಯಾರಿಗೂ ಉಳಿಯುವುದಿಲ್ಲ, ಕಾದವನಿಗೂ. ಹೆದರಿಸಿ, ಅಂಕದ ಆಸೆ ತೋರಿಸಿ ಓದಿಸಿದ್ದೂ ನಿಲ್ಲುವುದಿಲ್ಲ. ಮುಂದೇನಾಯಿತು ಎಂದು ತಡೆಯಲಾರದೆ ಓದಿದ್ದೇ ನಿಲ್ಲುವುದು. ನಿಮ್ಮ ಶಾಲೆಯಲ್ಲೂ ಒಂದು ಕಪಾಟು ಇರುತ್ತದೆ. ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ. ಇವತ್ತೇ ಹೋಗಿ ಕೀಲಿಕೈ ಕೇಳಿ.