ಕಡವೆಯ ಕಿವಿಗೆ ನಿದ್ದೆಯಿಲ್ಲ

ಲೋಕದ ಬಣ್ಣ ಇನ್ನೂ ಒಣಗಿರದ ಕಾಲ ಅದು. ಎತ್ತ ಹರಿಯಬೇಕೆಂದು ಹೊಳೆಗೇ ಸರಿಯಾಗಿ ಗೊತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕ ಆಮೆಯನ್ನು ಕೇಳುತ್ತಿತ್ತು. ಆಮೆಗೇನು ಗೊತ್ತು, ಪಾಪ!

ಆಗ ಕಡವೆಯ ಕಿವಿಗಳು ಈಗಿನ ಹಾಗೆ ಇರಲಿಲ್ಲ. ತಲೆಯ ಎರಡು ಬದಿಗೆ ಎರಡು ಮುತ್ತುಗದ ಎಲೆ ಅಂಟಿಸಿದಂತೆ ಸುಮ್ಮನೆ ನಿಂತಿರುತ್ತಿದ್ದವು. ತಿರುಗುತ್ತಿರಲಿಲ್ಲ. ತಿರುಗಬೇಕಾದ ಗರಜೂ ಇರಲಿಲ್ಲ. ಬೇಟೆಗಾರ ಗಾದ್ರಿಯ ಬಾಣ ಅಷ್ಟು ಗದ್ದಲದ್ದು.

ಗಾದ್ರಿ ಜೊಂಡಿನ ಕಡ್ಡಿಯಿಂದ ಬಾಣ ಮಾಡುತ್ತಿದ್ದ. ಹಗುರ ಬಾಣ, ಭಾರಿ ವೇಗ. ಆದರೆ ಬಿಟ್ಟ ಕೂಡಲೇ ಬಿಲ್ಲು 'ಠಣ್!' ಎಂದು ಕಿರುಚುತ್ತಿತ್ತು. ಬಾಣಕ್ಕಿಂತ ಮುಂಚೆ ಆ ಸದ್ದು ಬಂದು ಮುಟ್ಟುತ್ತಿತ್ತು. ಕಡವೆಗಳು ಕಾಲಿಗೆ ಬುದ್ಧಿ ಹೇಳುತ್ತಿದ್ದವು. ಅಪ್ಪಿತಪ್ಪಿ ತಗುಲಿದರೂ ಬಾಣ ಚರ್ಮ ಗೀರಿ ಬಿದ್ದುಹೋಗುತ್ತಿತ್ತು. ಗಾದ್ರಿಯ ಗುಡಿಸಲಿನಲ್ಲಿ ದಿನವೂ ಗೆಡ್ಡೆಗೆಣಸೇ ಊಟ.

ಕಂದಿ ಎಂಬ ಕಡವೆಗೆ ಆಗಷ್ಟೇ ಮರಿಯಾಗಿತ್ತು. ಒಂದು ಬೆಳಗ್ಗೆ ಅವಳು ಬಿದಿರುಮೆಳೆಯ ಹಿಂದೆ ನಿಂತು ಹೊಳೆಯ ನೀರು ಕುಡಿಯುತ್ತಿದ್ದಳು. ಮೆಳೆಯ ಆಚೆ ಗಾದ್ರಿಯ ಅಜ್ಜಿ ದ್ಯಾವಜ್ಜಿ ಮೊಮ್ಮಗನನ್ನು ಬೈಯುತ್ತಿದ್ದಳು.

"ವೇಗ, ವೇಗ ಅಂತ ಯಾಕ್ಲಾ ಸಾಯ್ತೀಯ? ಜೋರಾಗಿ ಓಡೋ ಬಾಣ ತಕ್ಕಂಡು ಏನ್ ಮಾಡ್ತೀಯ? ಹಿಡಿ ಇದ್ನ."

ಅವಳು ಕೊಟ್ಟದ್ದು ಒಳಗೆ ಟೊಳ್ಳಿಲ್ಲದ ಗಟ್ಟಿ ಬಿದಿರಿನ ಬಾಣ. ತುದಿಗೆ ದಪ್ಪ ಕಲ್ಲಿನ ಮೊನೆ. ಗಾದ್ರಿ ಅದನ್ನು ಬೆರಳ ಮೇಲಿಟ್ಟು ತೂಗಿ ನೋಡಿದ.

"ಇದೇನಜ್ಜಿ, ಒನಕೆ ಇದ್ದಂಗೈತೆ! ಇದು ಹಾರೋದ್ಯಾವಾಗ, ಮುಟ್ಟೋದ್ಯಾವಾಗ?"

"ನಿಧಾನಕ್ಕೇ ಹೋಗ್ತದೆ. ಆದ್ರೆ ಮೂಳೆ ಅಡ್ಡ ಬಂದ್ರೂ ನಿಲ್ಲಾಕಿಲ್ಲ. ದೂರದಿಂದ ಬಿಟ್ಟರೆ ನೆಲಕ್ಕೆ ಬೀಳ್ತದೆ, ಅದ್ಕೇ ಹತ್ರ ಹೋಗು. ಉಸ್ರು ಬಿಗಿಹಿಡ್ದು ಹೋಗು. ಸದ್ದೂ ಮಾಡಾಕಿಲ್ಲ ಅದು. ತುಂಬಿದ ಕೊಡ ತುಳುಕ್ತದೇನ್ಲಾ?"

ಕಂದಿ ನೀರಿನಿಂದ ಮೂತಿ ಎತ್ತಿದಳು. ಅವಳಿಗೆ ತನ್ನ ಜೀವದ ಚಿಂತೆಗಿಂತ ಮರಿಯ ಚಿಂತೆ ಹೆಚ್ಚಾಯಿತು. ತಾನು ಬಿದ್ದರೆ ಅದಕ್ಕೆ ಹಾಲು ಕೊಡುವವರು ಯಾರು?

"ಗಾಳಿಯಣ್ಣಾ, ಆ ಬಾಣ ಹೊರಟಾಗ ನನಗೊಂದು ಮಾತು ಹೇಳುತ್ತೀಯಾ?" ಎಂದು ಕೇಳಿದಳು.

"ಜೊಂಡಿನ ಬಾಣವಾದರೆ ನಾನು ತಳ್ಳಿದತ್ತ ವಾಲುತ್ತದೆ ತಂಗಿ. ಈ ಭಾರದ್ದು ನನ್ನ ಮಾತು ಕೇಳುವುದೇ ಇಲ್ಲ" ಎಂದು ಗಾಳಿ ಬಿದಿರಿನೊಳಗೆ ನುಸುಳಿ ಹೋಯಿತು. ಗಾಳಿಗೂ ಹೆದರಿಕೆಯಾಗಿತ್ತು.

ಗಾದ್ರಿ ಬಿಲ್ಲನ್ನು ಕೊಂಬೆಗೆ ತಗುಲಿಸಿ ಮುಖ ತೊಳೆಯಲು ಇಳಿದ. ಕಂದಿ ಮೆಲ್ಲನೆ ಬಿಲ್ಲಿನ ಹತ್ತಿರ ಬಂದಳು.

"ಬಿಲ್ಲಣ್ಣಾ, ನೀನು ಇನ್ನು ಕಿರುಚುವುದಿಲ್ಲವೇ?"

"ಹಗುರ ಕಡ್ಡಿ ನನ್ನ ಬಲವನ್ನೆಲ್ಲ ಹೊರಲಾರದು ಕಂದಿ. ಉಳಿದದ್ದು ನನ್ನ ಮೈಯಲ್ಲೇ ನಡುಗುತ್ತದೆ, ಅದಕ್ಕೇ ಕಿರುಚುತ್ತೇನೆ. ಭಾರದ ಬಾಣ ಎಲ್ಲವನ್ನೂ ಬಾಚಿಕೊಂಡು ಹೋಗುತ್ತದೆ. ಕಿರುಚುವುದಕ್ಕೆ ನನ್ನಲ್ಲಿ ಏನೂ ಉಳಿಯುವುದಿಲ್ಲ. ಒಂದು ಉಸಿರು ಬಿಡುತ್ತೇನೆ, ಅಷ್ಟೆ."

"ಆ ಉಸಿರು ಹೇಗಿರುತ್ತದೆ?"

ಬಿಲ್ಲಿಗೂ ಹೇಳಲು ಸಂಕಟ. "ನಿನ್ನ ಮರಿ ಹಾಲು ಕುಡಿದು ಬಾಯಿ ಬಿಡುವಾಗ 'ಪಚ್' ಅನ್ನುತ್ತದಲ್ಲ, ಹಾಗೆ."

ಅಂದು ಮಧ್ಯಾಹ್ನ ಮರಿ ಕಂದಿಯ ಹೊಟ್ಟೆಯಡಿ ನಿಂತು ಹಾಲು ಕುಡಿಯುತ್ತಿತ್ತು. ಪಚ್. ಕಂದಿ ಬೆಚ್ಚಿದಳು. ಮರಿಯೇ. ಮತ್ತೆ ಪಚ್. ಮತ್ತೆ ಬೆಚ್ಚಿದಳು. ಅದೂ ಮರಿಯೇ.

ಅಷ್ಟರಲ್ಲಿ ಹಕ್ಕಿಗಳೆಲ್ಲ ಒಟ್ಟಿಗೆ ಸುಮ್ಮನಾದವು. ಯಾರೋ ಹತ್ತಿರ ಬಂದಿದ್ದಾರೆ. ಎಷ್ಟು ಹತ್ತಿರ? ಯಾವ ಕಡೆ? ತಲೆ ತಿರುಗಿಸಿದರೆ ಕಾಣಿಸಿಕೊಳ್ಳುತ್ತಾಳೆ. ಓಡಿದರೆ ಎಳೆಗಾಲಿನ ಮರಿ ಹಿಂದೆ ಉಳಿಯುತ್ತದೆ.

'ಮರಿಯ ಸದ್ದು ಯಾವುದು, ಸಾವಿನ ಸದ್ದು ಯಾವುದು, ಹೇಳಿ ಕಿವಿಗಳೇ!' ಎಂದು ಒಳಗೊಳಗೇ ಅಂಗಲಾಚಿದಳು. ಭಯಕ್ಕೆ ಕಿವಿಗಳ ಬುಡ ಸುಟ್ಟಂತಾಯಿತು. ಏನೋ ಚಟಕ್ಕೆಂದಿತು. ಒಂದು ಕಿವಿ ಹಿಂದಕ್ಕೆ ಹೊರಳಿ ಮರಿಯ ಕಡೆ ನಿಂತಿತು. ಇನ್ನೊಂದು ತಾನಾಗಿ ಕಾಡಿನ ಕಡೆ ತಿರುಗಿತು.

ಪಚ್.

ಈ ಸಲ ಕೇಳಿದ್ದು ಕಾಡಿನ ಕಡೆಯ ಕಿವಿಗೆ!

ಕಂದಿ ಮರಿಯ ಮೇಲೆಯೇ ನೆಲಕ್ಕೆ ಕುಸಿದಳು. ಬೆನ್ನಿನ ಕೂದಲು ಸವರಿಕೊಂಡು ಬಾಣ ಹೋಯಿತು. ಹಿಂದಿದ್ದ ಹೊನ್ನೆಮರದೊಳಗೆ ಗೇಣುದ್ದ ಇಳಿಯಿತು. ಮರ 'ಅಮ್ಮಾ' ಎಂದಿತು. ಗಾದ್ರಿ ಬಾಣ ಕೀಳಲು ಒದ್ದಾಡುತ್ತಿದ್ದಾಗ ತಾಯಿ ಮರಿ ಎರಡೂ ಪೊದೆಯೊಳಗೆ ನುಸುಳಿದವು.

ಮುಳ್ಳಿನೊಳಗೆ ಮಲಗಿ ಮರಿ ಪಿಸುಗುಟ್ಟಿತು: "ಅವನು ಹೋದನಾ ಅಮ್ಮ?"

ಕಂದಿ ಒಂದು ಕಿವಿಯನ್ನು ಅತ್ತ ತಿರುಗಿಸಿದಳು, ಇನ್ನೊಂದನ್ನು ಇತ್ತ. ಎಲೆ ಅಲುಗಲಿಲ್ಲ. ಬೇಟೆಗಾರ ಹೋದನೋ, ಅಲ್ಲೇ ಉಸಿರು ಬಿಗಿಹಿಡಿದು ನಿಂತಿದ್ದಾನೋ? ಹೌದು ಎನ್ನಲು ಬಾಯಿ ಬರಲಿಲ್ಲ. "ತಾಳು, ಕೇಳಿ ಹೇಳುತ್ತೇನೆ" ಎಂದಳು.

ಅದಕ್ಕೇ ಮಗೂ, ಇಂದಿಗೂ ಕಡವೆ ಹುಲ್ಲು ಮೇಯುವಾಗಲೂ, ಕಣ್ಣು ಮುಚ್ಚಿ ಮಲಗಿದಾಗಲೂ ಅದರ ಕಿವಿಗಳು ಒಂದು ಅತ್ತ, ಒಂದು ಇತ್ತ ತಿರುಗುತ್ತಲೇ ಇರುತ್ತವೆ. ಮರಿಗೆ ಹೌದು ಎಂದು ಹೇಳುವುದು ಅದಕ್ಕೆ ಇನ್ನೂ ಆಗಿಲ್ಲ.