ಸಾಹೇಬರ ಜೀಪೂ ನಾಲ್ಕು ನಿಂಬೆಹಣ್ಣೂ

ಓವಿ ಪುಟ್ಟಿ, ಅಜ್ಜಿ ಒಂದು ಕತೆ ಹೇಳ್ತೀನಿ ಕೇಳು. ಹೊನ್ನೆ ಎಣ್ಣೆ... ಅಲ್ಲ, ಹೊನ್ನೆಯಲ್ಲ. ಈ ನಾಗಪುರದಲ್ಲಿ ಅದನ್ನು ಕರಂಜ ಅನ್ನುತ್ತಾರೆ. ಕೇಳಿ ಕೇಳಿ ನಮ್ಮ ಮಾತೇ ಮರೆತುಹೋಗಿದೆ. ಹಾಂ, ಹೊಂಗೆ! ಹೊಂಗೆ ಎಣ್ಣೆ.

ನಮ್ಮೂರ ಬಸ್ ಡಿಪೊಗೆ ಹೊಸ ಸಾಹೇಬರು ಬಂದರು. ಬಂದ ವಾರವೇ, "ಡೀಸೆಲ್ ಸಾಕು. ನಲವತ್ತು ಬಸ್ಸೂ ಇನ್ನು ಹೊಂಗೆ ಎಣ್ಣೆಯಲ್ಲೇ ಓಡಬೇಕು" ಎಂದರು.

"ಗಾಣದ ಎಣ್ಣೆ ಮಂದ ಸಾರ್, ಚಳಿಗೆ ಇನ್ನೂ ಗಟ್ಟಿಯಾಗುತ್ತೆ. ಹದ ಮಾಡಿ ಹಾಕಬೇಕು, ಒಂದು ತಿಂಗಳು ಕೊಡಿ" ಎಂದ ಮೆಕ್ಯಾನಿಕ್.

"ತಿಂಗಳೂ ಇಲ್ಲ, ದಿನವೂ ಇಲ್ಲ. ಒಂದು ಬಸ್ಸು ನಿಂತರೂ ನಿನ್ನ ಕೆಲಸ ಹೋಯಿತು ಅಂದುಕೋ!"

ಮೆಕ್ಯಾನಿಕ್ ಕೈಮುಗಿದ. "ಆಗಲಿ ಸಾರ್. ಆದರೆ ನಮ್ಮ ಡಿಪೊದಲ್ಲಿ ಹೊಸದು ಏನೇ ಬಂದರೂ ಮೊದಲ ಪೂಜೆ ಸಾಹೇಬರ ಗಾಡಿಗೆ."

ಸಾಹೇಬರು ಉಬ್ಬಿಹೋದರು. ಅವತ್ತೇ ಜೀಪಿನ ಡೀಸೆಲ್ ಖಾಲಿ ಮಾಡಿಸಿ ಹೊಂಗೆ ಎಣ್ಣೆ ತುಂಬಿಸಿದರು. ಮಾರನೆಯ ಬೆಳಗ್ಗೆ, ಪುಷ್ಯದ ಚಳಿಯಲ್ಲಿ, ಜೀಪಿಗೆ ಚೆಂಡುಹೂವಿನ ಹಾರ ಬಿತ್ತು. ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು ಕೂತವು. ಸಾಹೇಬರು ತಾವೇ ಕೀಲಿ ತಿರುಗಿಸಿದರು. ಜೀಪು ನರಳಿತು, ಕೆಮ್ಮಿತು, ಸುಮ್ಮನಾಯಿತು. ಹತ್ತು ಸಲ ತಿರುಗಿಸಿದರೂ ಅಷ್ಟೇ. ಡ್ರೈವರುಗಳೆಲ್ಲ ಆಕಾಶ ನೋಡುತ್ತಾ ನಿಂತರು.

ಮೆಕ್ಯಾನಿಕ್ ಬಗ್ಗಿ ನಿಂಬೆಹಣ್ಣು ಆರಿಸಿಕೊಂಡ. ಒಂದೂ ಅಪ್ಪಚ್ಚಿಯಾಗಿರಲಿಲ್ಲ.

"ಸಾರ್, ಎಣ್ಣೆ ಕರಗೋಕೆ ಬಿಸಿಲೇರಬೇಕು. ಹಣ್ಣು ನಾಲ್ಕೂ ಚೆನ್ನಾಗಿವೆ. ಅಲ್ಲಿವರೆಗೆ ಪಾನಕ ಮಾಡಿಸಲಾ?"

ಸಾಹೇಬರಿಗೇ ನಗು ತಡೆಯಲಾಗಲಿಲ್ಲ. "ಮಾಡಿಸಯ್ಯ. ನಿನ್ನ ತಿಂಗಳನ್ನೂ ತಗೋ" ಎಂದರು.

ಓವಿ ಪುಟ್ಟಿ, ಅಜ್ಜಿ ಹೇಳಿದ್ದನ್ನು ಬರೆದಿಡು. ಕರಂಜ ಅಂತ ಬರೀಬೇಡ, ಹೊಂಗೆ ಅಂತಲೇ ಬರಿ.